ಕಾಲ್ವ್‌ನ ತಾತ, ಕೆನರಾದ ಮೇಷ್ಟ್ರು

ಬಾಸೆಲ್ ಮಿಷನ್ ಎಂದ ಕೂಡಲೇ ಕನ್ನಡಿಗರಿಗೆ ಎರಡು ಹೆಸರು ನೆನಪಾಗುತ್ತವೆ. ಒಂದು ನಿಘಂಟಿನ ಕಿಟೆಲ್, ಇನ್ನೊಂದು ‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್. ಇವರ ಜೊತೆಯಲ್ಲೇ ನಿಲ್ಲಬೇಕಾದ ಮೂರನೆಯ ಹೆಸರೊಂದು ಚಂದ್ರಗಿರಿ ಹೊಳೆಯ ಆಚೆಗೇ ಉಳಿದುಬಿಟ್ಟಿದೆ. ಅದು ಡಾ. ಹರ್ಮನ್ ಗುಂಡರ್ಟ್. ಕೇರಳದಲ್ಲಿ ಅವರ ಪ್ರತಿಮೆಯಿದೆ, ಅವರ ಬಂಗಲೆಯನ್ನು ಕಾಪಾಡಿಕೊಂಡಿದ್ದಾರೆ, ಮಲಯಾಳ ವ್ಯಾಕರಣದ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ನಮ್ಮಲ್ಲಿ ಮಾತ್ರ ‘ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾತ’ ಎಂದರೆ ಕೆಲವರು ತಲೆಯಾಡಿಸಬಹುದು, ಅಷ್ಟೆ. ಕಾರವಾರದಿಂದ ಕಾಸರಗೋಡಿನವರೆಗಿನ ನಮ್ಮ ಕರಾವಳಿಯ ಶಾಲೆಗಳಿಗೆ ಸರಕಾರ ನೇಮಿಸಿದ ಮೊದಲ ಇನ್‌ಸ್ಪೆಕ್ಟರ್ ಅವರೇ. ಜರ್ಮನಿಯ ಒಂದು ಸಣ್ಣ ಊರಿನ ಮನೆಯಲ್ಲಿ ಕನ್ನಡದ ಮಾತು, ಕನ್ನಡದ ಹಾಡು ಕೇಳಿಬರಲು ಕಾರಣವಾದದ್ದೂ ಅವರ ಸಂಸಾರವೇ. ಹಾಗಾಗಿ ಈ ತಾತನ ದೀರ್ಘ ಬದುಕಿನಲ್ಲಿ ನಮಗೂ ಒಂದು ಪಾಲಿದೆ.

ಗುಂಡರ್ಟ್ ಹುಟ್ಟಿದ್ದು 1814ರ ಫೆಬ್ರುವರಿ 4ರಂದು, ಸ್ಟುಟ್‌ಗಾರ್ಟ್‌ನಲ್ಲಿ. ದೈವಭಕ್ತಿ ಮತ್ತು ವಿದ್ಯೆ ಎರಡಕ್ಕೂ ಹೆಸರಾದ ವ್ಯೂರ್ಟೆಂಬರ್ಗ್ ಸೀಮೆ ಅದು. ಚುರುಕು ಹುಡುಗರನ್ನು ಆರಿಸಿ, ಮೌಲ್‌ಬ್ರಾನ್‌ನ ಹಳೆಯ ಮಠದ ಶಾಲೆಯಲ್ಲಿಟ್ಟು ಓದಿಸಿ, ಮುಂದೆ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಕಳಿಸುವುದು ಅಲ್ಲಿನ ಪದ್ಧತಿ. ಗುಂಡರ್ಟ್ ಹಾದುಹೋದದ್ದೂ ಅದೇ ದಾರಿಯಲ್ಲಿ. ಏಸುವಿನ ಚರಿತ್ರೆಯನ್ನು ವಿಮರ್ಶೆಯ ಕಣ್ಣಿನಿಂದ ನೋಡಿ ಯುರೋಪನ್ನೇ ಅಲುಗಿಸಿದ ಡೇವಿಡ್ ಫ್ರೀಡ್ರಿಶ್ ಸ್ಟ್ರೌಸ್ ಅವರಿಗೆ ಮೇಷ್ಟ್ರಾಗಿದ್ದರು. ಸಂಶಯವನ್ನು ಕಲಿಸುವ ಗುರು ಒಂದು ಕಡೆ, ಮನೆಯಿಂದ ಬಂದ ಭಕ್ತಿ ಇನ್ನೊಂದು ಕಡೆ. ಹುಡುಗ ಕೊನೆಗೆ ಭಕ್ತಿಯ ಕಡೆಗೇ ವಾಲಿದ. ಆದರೆ ಯಾವ ಪಠ್ಯವನ್ನೂ ಮೂಲಕ್ಕಿಳಿದು ನೋಡಬೇಕು, ಕೇಳಿದ್ದನ್ನು ಹಾಗೇ ಒಪ್ಪಬಾರದು ಎಂಬ ಪಾಠ ಅವನನ್ನು ಬಿಟ್ಟುಹೋಗಲಿಲ್ಲ. 1835ರಲ್ಲಿ ಡಾಕ್ಟರೇಟ್ ಪಡೆದಾಗ ಅವನಿಗೆ ಇಪ್ಪತ್ತೊಂದು ವರ್ಷ.

ಮರುವರ್ಷವೇ ಆಂಟನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಧರ್ಮಪ್ರಚಾರಕರ ತಂಡದೊಡನೆ ಹಡಗು ಹತ್ತಿದರು. ತಿಂಗಳುಗಟ್ಟಲೆ ಸಮುದ್ರಯಾನದಲ್ಲಿ ಸುಮ್ಮನೆ ಕೂರದೆ ಬಂಗಾಳಿ, ಹಿಂದೂಸ್ತಾನಿ, ತೆಲುಗು ಕಲಿಯಲು ತೊಡಗಿದರು. 1836ರ ಜುಲೈನಲ್ಲಿ ಮದರಾಸಿನಲ್ಲಿ ಇಳಿದಾಗ ಬೇಕಾಗಿದ್ದದ್ದು ತಮಿಳು! ಅದನ್ನೂ ಬಲುಬೇಗ ಕಲಿತರು. ತಿರುನೆಲ್ವೇಲಿ, ಚಿತ್ತೂರುಗಳಲ್ಲಿ ಎರಡು ವರ್ಷ ಕಳೆದು, ಅದೇ ತಂಡದಲ್ಲಿ ಬಂದಿದ್ದ ಸ್ವಿಸ್ ಶಿಕ್ಷಕಿ ಜೂಲಿ ದುಬ್ವಾ ಅವರನ್ನು 1838ರಲ್ಲಿ ಮದುವೆಯಾದರು. ಆ ವರ್ಷದ ಕೊನೆಗೆ ದಂಪತಿ ಮಂಗಳೂರು ಸೇರಿದರು. ಸ್ಯಾಮುಯೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು 1834ರಲ್ಲಿ ಅಲ್ಲಿ ಬಾಸೆಲ್ ಮಿಷನ್ನಿಗೆ ನೆಲೆ ಹಾಕಿದ್ದರು. ಟ್ಯೂಬಿಂಗನ್‌ನಲ್ಲೇ ಓದಿದ್ದ ಹರ್ಮನ್ ಮೊಗ್ಲಿಂಗ್ ಕೂಡ ಬಂದಿದ್ದರು. ಗುಂಡರ್ಟ್ ಭಾರತದ ಪಶ್ಚಿಮ ಕರಾವಳಿಯ ಬದುಕನ್ನು ಶುರುಮಾಡಿದ್ದು ಹೀಗೆ, ಕನ್ನಡ ಮತ್ತು ತುಳು ಕಿವಿಗೆ ಬೀಳುವ ನೆಲದಲ್ಲಿ.

ಆದರೆ ಮಂಗಳೂರಿನಲ್ಲಿ ಅವರು ಬಹಳ ದಿನ ಇರಲಿಲ್ಲ. ತಲಶ್ಶೇರಿಯ ಜಡ್ಜ್ ಸ್ಟ್ರೇಂಜ್ ಎಂಬವರು ಇಲ್ಲಿಕುನ್ನು ಗುಡ್ಡದ ಮೇಲಿದ್ದ ತಮ್ಮ ಬಂಗಲೆಯನ್ನು ಮಿಷನ್ನಿಗೆ ಬಿಟ್ಟುಕೊಟ್ಟರು. 1839ರಲ್ಲಿ ಗುಂಡರ್ಟ್ ದಂಪತಿ ಅಲ್ಲಿಗೆ ಹೋದರು. ಜೂಲಿ ಅಮ್ಮ ಹೆಣ್ಣುಮಕ್ಕಳಿಗಾಗಿ ವಸತಿಶಾಲೆ ತೆರೆದರು. ಹುಡುಗಿಯರಿಗೆ ಅಕ್ಷರ ಯಾಕೆ ಎಂದು ಊರೇ ಕೇಳುತ್ತಿದ್ದ ಕಾಲ ಅದು. ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗಂಡನ ಪುಸ್ತಕಗಳನ್ನು ಎಣಿಸುತ್ತಾರೆ, ಹೆಂಡತಿಯ ಶಾಲೆಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ. ಪ್ರತಿದಿನ ಮಕ್ಕಳ ಎದುರು ಕೂತು ಅಕ್ಷರ ತಿದ್ದಿಸಿದ ಕೈ ಹೆಚ್ಚಾಗಿ ಅವರದೇ.

ಗುಂಡರ್ಟ್ ಕಲಿಸಲು ಬಂದವರು. ಆದರೆ ಮೊದಲು ತಾವೇ ವಿದ್ಯಾರ್ಥಿಯಾಗಿ ಕೂತರು. ಚೊಕ್ಲಿಯ ಊರಾಚೇರಿ ಗುರುನಾಥರು ಎಂಬ ಸೋದರರು ತಿಯ್ಯ ಸಮುದಾಯದವರು, ಸಂಸ್ಕೃತದಲ್ಲೂ ಮಲಯಾಳದಲ್ಲೂ ಪಂಡಿತರು. ಟ್ಯೂಬಿಂಗನ್‌ನ ಡಾಕ್ಟರು ಅವರಿಂದ ಪಾಠ ಹೇಳಿಸಿಕೊಂಡರು. ಓಲೆಗರಿಗಳನ್ನು ನಕಲು ಮಾಡಿಸಿದರು. ತಲಶ್ಶೇರಿ ಕೋಠಿಯ ಹಳೆಯ ಕಾಗದಪತ್ರಗಳನ್ನು ಕೂಡಿಹಾಕಿದರು. ಅದರಲ್ಲಿದ್ದದ್ದು ರಾಜರ ಪತ್ರ, ರೈತರ ದೂರು, ಕಂದಾಯದ ಲೆಕ್ಕ, ಜಗಳದ ತೀರ್ಮಾನ. ಪಂಡಿತರ ಕಾವ್ಯದಲ್ಲಿ ಸಿಗದ, ದಿನಬಳಕೆಯ ಭಾಷೆ ಇದ್ದದ್ದು ಅಲ್ಲೇ ಎಂದು ಅವರಿಗೆ ಹೊಳೆದಿತ್ತು. 1843ರಲ್ಲಿ ಕೇರಳದ ಹುಟ್ಟಿನ ಕಥೆ ಹೇಳುವ ‘ಕೇರಳೋಲ್ಪತ್ತಿ’ಯನ್ನು ಅಚ್ಚು ಹಾಕಿಸಿದರು. 1850ರಲ್ಲಿ ಒಂದು ಸಾವಿರ ಗಾದೆಗಳನ್ನು ಒಟ್ಟು ಮಾಡಿ ಪುಸ್ತಕ ತಂದರು. ಮರುವರ್ಷ ಮಲಯಾಳ ಭಾಷಾ ವ್ಯಾಕರಣ ಹೊರಬಂತು. ‘ಪಯ್ಯನ್ನೂರ್ ಪಾಟ್ಟು’ ಎಂಬ ಹಳೆಯ ಕಾವ್ಯದ ಕಥೆಯನ್ನೇ ನೋಡಿ: ಗುಂಡರ್ಟ್ ಸಂಗ್ರಹಿಸಿ ಜೊತೆಗೆ ಒಯ್ದ ಪ್ರತಿ ಟ್ಯೂಬಿಂಗನ್‌ನ ಪುಸ್ತಕ ಭಂಡಾರದಲ್ಲಿ ಉಳಿದದ್ದರಿಂದಲೇ ಆ ಕೃತಿ ಇವತ್ತು ನಮ್ಮ ಕೈಗೆ ಸಿಕ್ಕುತ್ತದೆ. ಪಯ್ಯನ್ನೂರು ನಮ್ಮ ಕಾಸರಗೋಡಿನ ಮಗ್ಗುಲಲ್ಲೇ ಇದೆ.

ಇತ್ತ ಮಂಗಳೂರಿನಲ್ಲಿ ಮೊಗ್ಲಿಂಗ್ ಕನ್ನಡಕ್ಕೆ ಮಾಡುತ್ತಿದ್ದದ್ದು ಇದೇ ಕೆಲಸ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು, ಕನ್ನಡದ ಮೊದಲ ಪತ್ರಿಕೆ. ನಾಲ್ಕು ವರ್ಷಗಳ ನಂತರ, 1847ರಲ್ಲಿ, ಇಲ್ಲಿಕುನ್ನುವಿನ ಕಲ್ಲಚ್ಚಿನಲ್ಲಿ ಮಲಯಾಳದ ‘ರಾಜ್ಯಸಮಾಚಾರಂ’, ‘ಪಶ್ಚಿಮೋದಯಂ’ ಬಂದವು. ಮೊಗ್ಲಿಂಗ್ ದಾಸರ ಪದಗಳನ್ನು, ಹಳೆಯ ಕಾವ್ಯಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಗುಂಡರ್ಟ್ ಗಾದೆಗಳನ್ನೂ ಪಾಟ್ಟುಗಳನ್ನೂ ಕೂಡಿಸಿದರು. ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ಬರು, ಒಂದೇ ಕಡಲ ದಂಡೆಯಲ್ಲಿ, ಎರಡು ಅಕ್ಕತಂಗಿ ಭಾಷೆಗಳ ಸೇವೆಗೆ ನಿಂತಿದ್ದರು.

ಅವರ ಉದ್ದೇಶ ಮತಪ್ರಚಾರ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಲ್ಲಿಯ ದೇವರುಗಳನ್ನು ಸುಳ್ಳು ಎಂದು ನಂಬಿಯೇ ಅವರು ಬಂದಿದ್ದರು, ಹಾಗೆಯೇ ಬೋಧಿಸಿದರು. ಅದರಿಂದ ಊರುಗಳಲ್ಲಿ ನೋವೂ ಆಯಿತು, ಮನೆಗಳೂ ಒಡೆದವು. ಅದೇ ಕಾಲಕ್ಕೆ, ಶತಮಾನಗಳಿಂದ ಅಕ್ಷರದಿಂದ ದೂರ ಇಟ್ಟವರ ಮಕ್ಕಳು ಅವರ ಶಾಲೆಯ ಬಾಗಿಲಲ್ಲಿ ಮೊದಲ ಬಾರಿಗೆ ಪುಸ್ತಕ ಮುಟ್ಟಿದರು. ಎರಡನ್ನೂ ಒಟ್ಟಿಗೆ ಹೇಳಿದರೇ ಚರಿತ್ರೆ. ಗುಂಡರ್ಟರ ಹೆಚ್ಚುಗಾರಿಕೆ ಇರುವುದು ಇನ್ನೊಂದು ಕಡೆ: ತಾವು ಒಪ್ಪದ ಧರ್ಮದ ಹಾಡನ್ನೂ ಅವರು ತಿದ್ದದೆ, ಕತ್ತರಿಸದೆ ಬರೆದಿಟ್ಟುಕೊಂಡರು. ಜನ ಹೇಗೆ ಹೇಳಿದರೋ ಹಾಗೆ.

1857 ಬಂತು. ಉತ್ತರದಲ್ಲಿ ದಂಗೆ ಹತ್ತಿ ಉರಿಯುತ್ತಿದ್ದ ವರ್ಷ. ಅದಕ್ಕೆ ಮೂರು ವರ್ಷ ಹಿಂದೆ, 1854ರಲ್ಲಿ, ಚಾರ್ಲ್ಸ್ ವುಡ್ಡರ ಶಿಕ್ಷಣ ನಿರೂಪ ಲಂಡನ್ನಿನಿಂದ ಬಂದಿತ್ತು. ಪ್ರತಿ ಪ್ರಾಂತಕ್ಕೂ ಸಾರ್ವಜನಿಕ ಶಿಕ್ಷಣ ಇಲಾಖೆ ಇರಬೇಕು, ಶಾಲೆಗಳನ್ನು ನೋಡಲು ಇನ್‌ಸ್ಪೆಕ್ಟರುಗಳು ಬೇಕು, ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡಬೇಕು, ಕೆಳಗಿನ ತರಗತಿಗಳಲ್ಲಿ ನಾಡಭಾಷೆಯೇ ಪಾಠದ ಭಾಷೆಯಾಗಬೇಕು, ಸರಕಾರಿ ಶಾಲೆ ಮತದ ವಿಷಯದಲ್ಲಿ ತಟಸ್ಥವಾಗಿರಬೇಕು ಎಂದು ಅದು ಹೇಳಿತು. ನಮ್ಮ ಇವತ್ತಿನ ಶಿಕ್ಷಣ ಇಲಾಖೆಯ ಬೇರು ಅಲ್ಲಿದೆ. ಮದರಾಸು ಸರಕಾರಕ್ಕೆ ಮಲಬಾರ್ ಮತ್ತು ಕೆನರಾ ಜಿಲ್ಲೆಗಳಿಗೆ ಒಬ್ಬ ಇನ್‌ಸ್ಪೆಕ್ಟರ್ ಬೇಕಾಗಿತ್ತು. ಈ ಕರಾವಳಿಯ ಭಾಷೆಗಳನ್ನು ಅಷ್ಟು ಬಲ್ಲವರು ಸರಕಾರಕ್ಕೆ ಬೇರೆ ಎಲ್ಲಿ ಸಿಗಬೇಕು? 1857ರಲ್ಲಿ ಹುದ್ದೆ ಗುಂಡರ್ಟರಿಗೆ ಬಂತು.

ಆಗಿನ ಕೆನರಾ ಅಖಂಡ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಕೆಳಗೆ ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು ಎಲ್ಲವೂ ಅದರೊಳಗೆ. ಅದು ಉತ್ತರ, ದಕ್ಷಿಣ ಎಂದು ಒಡೆದದ್ದೂ ಉತ್ತರ ಕನ್ನಡ ಬೊಂಬಾಯಿಗೆ ಸೇರಿದ್ದೂ ಆಮೇಲಿನ ಮಾತು. ಕಾಳಿಯಿಂದ ಚಂದ್ರಗಿರಿಯವರೆಗೆ ಹತ್ತಾರು ಹೊಳೆ, ಸೇತುವೆ ಅಪರೂಪ, ಮಳೆಗಾಲದಲ್ಲಿ ದೋಣಿಯೇ ಗತಿ. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಕಡಲ ಬದಿಯಲ್ಲಿ ಬ್ಯಾರಿ, ತೆಂಕಣಕ್ಕೆ ಮಲಯಾಳ. ಶಾಲೆಯಲ್ಲಿ ಮಾತ್ರ ಕನ್ನಡ. ಅದರ ಕೆಳಗೆ ಇನ್ನೊಂದು ದೊಡ್ಡ ಜಿಲ್ಲೆ, ಮಲಬಾರ್. ಇವೆಲ್ಲಕ್ಕೂ ಒಬ್ಬ ಇನ್‌ಸ್ಪೆಕ್ಟರ್!

ಅವರು ನೋಡಬೇಕಾಗಿದ್ದ ಶಾಲೆಗಳಲ್ಲಿ ಹೆಚ್ಚಿನವು ಐಗಳ ಮಠಗಳು. ಜಗಲಿಯಲ್ಲಿ ಮರಳು ಹರವಿ ಬೆರಳಲ್ಲಿ ಅಕ್ಷರ ತಿದ್ದಿಸುವುದು, ಓಲೆಗರಿಯ ಮೇಲೆ ಕಂಟದಿಂದ ಕೊರೆಯಿಸುವುದು, ಮಗ್ಗಿಯನ್ನು ರಾಗವಾಗಿ ಒಪ್ಪಿಸುವುದು, ಅಮರಕೋಶವನ್ನು ಬಾಯಿಪಾಠ ಮಾಡಿಸುವುದು ಅಲ್ಲಿಯ ಕ್ರಮ. ಐಗಳಿಗೆ ಸಂಬಳ ಎಂದರೆ ಅಕ್ಕಿ, ತೆಂಗಿನಕಾಯಿ, ಹಬ್ಬಕ್ಕೊಂದು ಪಂಚೆ. ಈ ಲೋಕವನ್ನು ಅಚ್ಚಾದ ಪಠ್ಯಪುಸ್ತಕ, ತರಗತಿ, ಪರೀಕ್ಷೆ, ಸಹಾಯಧನ ಎಂಬ ಹೊಸ ಲೋಕಕ್ಕೆ ಜೋಡಿಸುವುದು ಇಲಾಖೆಯ ಉದ್ದೇಶ. ಹೊಸ ಕ್ರಮಕ್ಕೆ ಪುಸ್ತಕಗಳೇ ಇರಲಿಲ್ಲ. ಗುಂಡರ್ಟ್ ಮಲಯಾಳದ ಮಕ್ಕಳಿಗಾಗಿ ‘ಪಾಠಮಾಲ’ ಎಂಬ ವಾಚಿಕೆ ಸಿದ್ಧಮಾಡಿದರು. ಅದರಲ್ಲಿ ಬೈಬಲ್ಲಿನ ಪಾಠಗಳನ್ನು ತುಂಬದೆ ನಾಡಿನ ಸಾಹಿತ್ಯದಿಂದ ಆರಿಸಿದ ಭಾಗಗಳನ್ನು ಕೊಟ್ಟರು. ಪಾದ್ರಿಯ ಅಂಗಿ ತೊಟ್ಟವರು ಸರಕಾರಿ ಶಾಲೆಯ ಹೊಸಿಲು ದಾಟುವಾಗ ಪಾಲಿಸಿದ ಶಿಸ್ತು ಅದು. ‘ಇನ್‌ಸ್ಪೆಕ್ಟರು ಬರ್ತಾರೆ’ ಎಂದು ಗೋಡೆಗೆ ಸುಣ್ಣ ಬಳಿದು ಮಕ್ಕಳಿಗೆ ಎಣ್ಣೆ ಹಾಕಿ ತಲೆ ಬಾಚುವ ಪರಂಪರೆ ನಮ್ಮ ಶಾಲೆಗಳಲ್ಲಿ ಮುಂದೆ ಬಹುಕಾಲ ನಡೆಯಿತು. ಆ ಹುದ್ದೆಯಲ್ಲಿ ಮೊದಲು ಕೂತವರಿಗೆ ಶಾಲೆ ಎಂದರೆ ಭಾಷೆಯೇ ಆಗಿತ್ತು ಎಂಬುದು ನಮ್ಮ ಭಾಗ್ಯ.

ಭಾಗ್ಯ ಹೆಚ್ಚು ಕಾಲ ಇರಲಿಲ್ಲ. ಎರಡು ವರ್ಷದಲ್ಲೇ ದೇಹ ಸೋತಿತು. 1859ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲೆಂದು ಯುರೋಪಿಗೆ ಹೊರಟವರು ಮತ್ತೆ ಈ ಕಡಲನ್ನು ನೋಡಲಿಲ್ಲ. ಆಗ ಅವರಿಗೆ ನಲವತ್ತೈದು. ಭಾರತದಲ್ಲಿ ಕಳೆದದ್ದು ಇಪ್ಪತ್ತಮೂರು ವರ್ಷ. ಬಾಳಿನ ಉಳಿದ ಮೂವತ್ತನಾಲ್ಕು ವರ್ಷ ಕಪ್ಪುಕಾಡಿನ ಅಂಚಿನಲ್ಲಿ, ನಾಗೋಲ್ಡ್ ಹೊಳೆಯ ದಂಡೆಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ಪುಸ್ತಕ ಪ್ರಕಾಶನ ಸಂಘದಲ್ಲಿ ಸಹಾಯಕರಾಗಿ ಸೇರಿ, 1862ರಲ್ಲಿ ಅದರ ಮುಖ್ಯಸ್ಥ ಬಾರ್ಟ್ ತೀರಿಕೊಂಡ ಮೇಲೆ ಹೊಣೆಯನ್ನೆಲ್ಲ ಹೊತ್ತರು. ನಿಜವಾದ ಧ್ಯಾನ ಮಾತ್ರ ಬಿಟ್ಟುಬಂದ ನೆಲದ ಮೇಲೆ. ಮಲಬಾರಿನಲ್ಲಿ ಕೂಡಿಸಿದ್ದ ಶಬ್ದಗಳನ್ನು ಕಾಲ್ವ್‌ನ ಚಳಿಯಲ್ಲಿ ಕೂತು ನಿಘಂಟಾಗಿ ಕಟ್ಟಿದರು. ಅದು 1872ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಪುಟಗಳು ಸಾವಿರಕ್ಕೂ ಮಿಗಿಲು.

ಆ ನಿಘಂಟನ್ನು ಕನ್ನಡಿಗರು ಒಮ್ಮೆ ಬಿಡಿಸಿ ನೋಡಬೇಕು. ಮಲಯಾಳದ ಒಂದು ಶಬ್ದ, ಅದರ ಪಕ್ಕದಲ್ಲಿ ತಮಿಳಿಗೊಂದು, ಕನ್ನಡಕ್ಕೊಂದು, ತುಳುವಿಗೊಂದು ಎಂದು ಸಣ್ಣ ಸಣ್ಣ ಸಂಕೇತಾಕ್ಷರಗಳು. ಆಮೇಲೆ ಅರ್ಥ. ಆ ಅರ್ಥದಲ್ಲಿ ಶಬ್ದ ಎಲ್ಲಿ ಸಿಕ್ಕಿತು, ಗಾದೆಯಲ್ಲೋ, ಪಾಟ್ಟಿನಲ್ಲೋ, ತಲಶ್ಶೇರಿಯ ಕಾಗದದಲ್ಲೋ, ಯಾವ ತಾಲೂಕಿನವರ ಬಾಯಲ್ಲೋ ಎಂಬ ಗುರುತು. ಒಂದು ಭಾಷೆಯ ನಿಘಂಟು ಬರೆಯುವಾಗಲೂ ಅವರ ಕಿವಿಯಲ್ಲಿ ಇಡೀ ಕರಾವಳಿ ಇತ್ತು. 1869ರಲ್ಲೇ ಅವರು ಸಂಸ್ಕೃತದೊಳಗೆ ಸೇರಿಕೊಂಡ ದ್ರಾವಿಡ ಅಂಶಗಳ ಬಗ್ಗೆ ಜರ್ಮನ್ ವಿದ್ವತ್ ಪತ್ರಿಕೆಯಲ್ಲಿ ಲೇಖನ ಬರೆದಿದ್ದರು. ಮೂರು ವರ್ಷದ ನಂತರ ಕಿಟೆಲ್ ಅದೇ ವಿಷಯವನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಎತ್ತಿಕೊಂಡರು. ಕಿಟೆಲ್ ತಮ್ಮ ಕನ್ನಡ ನಿಘಂಟಿನಲ್ಲಿ ಮಲಯಾಳದ ಸೋದರ ಶಬ್ದಗಳನ್ನು ಕೊಡುವಾಗ ಗುಂಡರ್ಟರ ನಿಘಂಟು ಅವರ ಎದುರಿಗಿತ್ತು. ಮಂಗಳೂರಿನ ಒಂದೇ ಪ್ರೆಸ್ಸಿನಿಂದ 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟೆಲ್ಲರ ಕನ್ನಡ ನಿಘಂಟು ಹೊರಬಂದವು. ಇಪ್ಪತ್ತೆರಡು ವರ್ಷದಲ್ಲಿ ಮೂರು ಭಾಷೆಗಳಿಗೆ ಆ ಪ್ರೆಸ್ಸು ತಳಪಾಯ ಹಾಕಿಕೊಟ್ಟಿತು. ಮೊಗ್ಲಿಂಗ್ 1881ರಲ್ಲಿ ತೀರಿಕೊಂಡಾಗ ಅವರ ಜೀವನಚರಿತ್ರೆ ಬರೆದು ಮರುವರ್ಷ ಪ್ರಕಟಿಸಿದವರೂ ಗುಂಡರ್ಟರೇ. ಕನ್ನಡದ ಮೊದಲ ಪತ್ರಕರ್ತನ ಮೊದಲ ಚರಿತ್ರೆ ಬರೆದವರನ್ನು ನಾವು ಮರೆಯಬಾರದಾಗಿತ್ತು.

ಇನ್ನು ಸಂಸಾರದ ಕಥೆ. ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಮಿಷನರಿಗಳ ಮಕ್ಕಳನ್ನು ಯುರೋಪಿನಲ್ಲಿ ಬಿಟ್ಟು ಬೆಳೆಸುವುದು ಆಗಿನ ರೂಢಿ. ತಂದೆತಾಯಿ 1840ರ ದಶಕದ ನಡುವಿನಲ್ಲಿ ರಜೆಗೆ ಹೋದಾಗ ಪುಟ್ಟ ಮಗುವನ್ನು ಅಲ್ಲೇ ಬಿಟ್ಟು ಬಂದರು. ಅವಳು ಮರಳಿ ಭಾರತಕ್ಕೆ ಬಂದು ಅಪ್ಪ ಅಮ್ಮನನ್ನು ಸೇರಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಪರರ ಮಕ್ಕಳಿಗೆ ಅಕ್ಷರ ಕಲಿಸಲು ಬಂದವರು ತಮ್ಮ ಮಗಳ ಬಾಲ್ಯವನ್ನೇ ತೆತ್ತರು. ಮರೀ ಮುಂದೆ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ, ಇಬ್ಬರು ಗಂಡುಮಕ್ಕಳೊಡನೆ ವಿಧವೆಯಾಗಿ ತಂದೆಯ ಮನೆಗೆ ಬಂದರು. ಅದೇ ಹೊತ್ತಿಗೆ ಮಂಗಳೂರಿನಲ್ಲಿ ದುಡಿದು ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದ್ದ ಯೋಹಾನೆಸ್ ಹೆಸ್ಸೆ ಎಂಬ ಯುವಕ ಗುಂಡರ್ಟರಿಗೆ ಸಹಾಯಕರಾಗಿ ಕಾಲ್ವ್‌ಗೆ ಬಂದರು. ಮರುವರ್ಷ ಮರೀ ಅವರನ್ನು ಮದುವೆಯಾದರು. 1877ರ ಜುಲೈ 2ರಂದು ಹುಟ್ಟಿದ ಮಗನಿಗೆ ತಾತನ ಹೆಸರನ್ನೇ ಇಟ್ಟರು: ಹರ್ಮನ್.

ಹೀಗೆ ಆ ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅಮ್ಮ ನಾಲ್ವರೂ ನಮ್ಮ ಕರಾವಳಿಯ ನೀರು ಕುಡಿದವರು. ಹೆಸ್ಸೆ ಮುಂದೆ ತನ್ನ ಬಾಲ್ಯವನ್ನು ನೆನೆದು ಬರೆಯುವಾಗ ತಾತನ ಕೋಣೆಯನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುತ್ತಾನೆ. ಬಿಳಿಗಡ್ಡದ ಮುದುಕ, ಗೋಡೆ ತುಂಬ ಪುಸ್ತಕ, ಗಾಜಿನ ಬೀರುವಿನಲ್ಲಿ ಕುಣಿಯುವ ಭಂಗಿಯ ಪುಟ್ಟ ಭಾರತೀಯ ದೇವರು, ದೂರದೇಶಗಳಿಂದ ಬರುವ ಅತಿಥಿಗಳು. ಅವನ ಅಮ್ಮ ಮಲಯಾಳದಲ್ಲೂ ಕನ್ನಡದಲ್ಲೂ ಮಾತಾಡುತ್ತಿದ್ದಳು, ಹಾಡುತ್ತಿದ್ದಳು, ಮುಪ್ಪಿನ ತಂದೆಯೊಡನೆ ಆ ಭಾಷೆಗಳಲ್ಲಿ ನುಡಿಗಟ್ಟುಗಳನ್ನು ಹಂಚಿಕೊಳ್ಳುತ್ತಿದ್ದಳು ಎಂದು ಅವನು ಬರೆದಿದ್ದಾನೆ. ಜರ್ಮನಿಯ ಪುಟಾಣಿಯೊಬ್ಬ ಕನ್ನಡವನ್ನು ಮಂತ್ರವೆಂಬಂತೆ ಕೇಳುತ್ತಾ ಬೆಳೆದ. ಅರ್ಥ ತಿಳಿಯದಿದ್ದರೂ, ಜಗತ್ತು ತನ್ನ ಊರಿನ ಬೇಲಿಗೆ ಮುಗಿಯುವುದಿಲ್ಲ ಎಂದು ಆ ದನಿ ಅವನಿಗೆ ಕಲಿಸಿತು.

ತಾತ ಎಂಥವರೆಂದು ತಿಳಿಯಲು ಒಂದು ಪ್ರಸಂಗ ಸಾಕು. ಹುಡುಗ ಹೆಸ್ಸೆಯನ್ನೂ ಮೌಲ್‌ಬ್ರಾನ್ ಮಠದ ಶಾಲೆಗೇ ಹಾಕಿದರು, ತಾತ ಓದಿದ ಅದೇ ಶಾಲೆಗೆ. 1892ರ ಮಾರ್ಚಿನಲ್ಲಿ ಅವನು ಅಲ್ಲಿಂದ ಓಡಿಹೋದ. ಇಡೀ ದಿನ, ಇಡೀ ರಾತ್ರಿ ಚಳಿಯಲ್ಲಿ ಅಲೆದು ಸಿಕ್ಕಿಬಿದ್ದ. ಶಿಸ್ತೇ ಉಸಿರಾಗಿದ್ದ ಕುಟುಂಬಕ್ಕೆ ಅದು ದೊಡ್ಡ ಅವಮಾನ. ಮನೆಗೆ ಬಂದ ಮೇಲೆ ತಾತನ ಕೋಣೆಗೆ ಹೋಗಿ ಮುಖ ತೋರಿಸಲೇಬೇಕು. ಹುಡುಗ ನಡುಗುತ್ತಾ ಒಳಗೆ ಹೋದ. ಎಪ್ಪತ್ತೆಂಟರ ವೃದ್ಧರು ಗದರಲಿಲ್ಲ, ಉಪದೇಶ ಮಾಡಲಿಲ್ಲ. ತಮ್ಮ ಕಾಲದ ವಿದ್ಯಾರ್ಥಿಗಳು ಇಂಥ ಸಾಹಸಕ್ಕೆ ಬಳಸುತ್ತಿದ್ದ ಒಂದು ಅಕ್ಕರೆಯ ಮಾತಿನಿಂದ, ಕಿರುನಗೆಯೊಡನೆ, ಹೋಗಿದ್ದೆಯಂತಲ್ಲ ಎಂಬಂತೆ ಕೇಳಿದರು. ಅಷ್ಟೆ. ಅರವತ್ತು ವರ್ಷಗಳ ನಂತರ, ನೊಬೆಲ್ ಪ್ರಶಸ್ತಿ ಪಡೆದ ಮುದುಕನಾಗಿ ಹೆಸ್ಸೆ ಅದನ್ನು ಕೃತಜ್ಞತೆಯಿಂದ ನೆನೆದಿದ್ದಾನೆ. ಸಾವಿರಾರು ಮಕ್ಕಳನ್ನು ನೋಡಿದ್ದ ಇನ್‌ಸ್ಪೆಕ್ಟರಿಗೆ ಯಾವ ಮಗುವನ್ನು ಯಾವಾಗ ಪರೀಕ್ಷಿಸಬಾರದು ಎಂಬುದೂ ಗೊತ್ತಿತ್ತು.

ಗುಂಡರ್ಟ್ 1893ರ ಏಪ್ರಿಲ್ 25ರಂದು ಕಾಲ್ವ್‌ನಲ್ಲಿ ತೀರಿಕೊಂಡರು. ಎಪ್ಪತ್ತೊಂಬತ್ತು ವರ್ಷದ ತುಂಬು ಬಾಳು. ಜೂಲಿ ಅಮ್ಮ ಎಂಟು ವರ್ಷ ಮೊದಲೇ ಹೋಗಿದ್ದರು. ಶಾಲೆ ಬಿಟ್ಟ ಮೊಮ್ಮಗ ತಾತನ ಪುಸ್ತಕ ಭಂಡಾರವನ್ನೇ ತನ್ನ ವಿಶ್ವವಿದ್ಯಾಲಯ ಮಾಡಿಕೊಂಡ. 1911ರಲ್ಲಿ ತಾತನ ನಾಡು ನೋಡಬೇಕೆಂದು ಹೊರಟು ಸಿಂಹಳ, ಸುಮಾತ್ರಾ, ಸಿಂಗಪುರ ಸುತ್ತಿದರೂ ಮಲಬಾರನ್ನಾಗಲೀ ಮಂಗಳೂರನ್ನಾಗಲೀ ಮುಟ್ಟದೆ ಮರಳಿದ. ಆದರೆ 1922ರಲ್ಲಿ ‘ಸಿದ್ಧಾರ್ಥ’ ಬರೆದ. ತಾತ ಇಲ್ಲಿಗೆ ಧರ್ಮ ಕಲಿಸಲು ಬಂದಿದ್ದರು. ಮೊಮ್ಮಗ ಇಲ್ಲಿಂದ ಕಲಿತದ್ದನ್ನು ಯುರೋಪಿಗೆ ಹೇಳಿದ. ಆ ಕಾದಂಬರಿ ಕನ್ನಡಕ್ಕೂ ಬಂದು ನಮ್ಮ ಎಷ್ಟೋ ತರುಣರ ದಿಂಬಿನ ಪಕ್ಕದ ಪುಸ್ತಕವಾಯಿತು.

ಗುಂಡರ್ಟ್ ಒಯ್ದ ಗ್ರಂಥಗಳನ್ನು ಟ್ಯೂಬಿಂಗನ್ ವಿಶ್ವವಿದ್ಯಾಲಯ ಜೋಪಾನ ಮಾಡಿದೆ. 2018ರಿಂದ ಅವು ‘ಗುಂಡರ್ಟ್ ಪೋರ್ಟಲ್’ ಎಂಬ ಅಂತರ್ಜಾಲ ತಾಣದಲ್ಲಿ ಎಲ್ಲರಿಗೂ ತೆರೆದಿವೆ. ಮಲಯಾಳದ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಅಲ್ಲಿವೆ. ಕರಾವಳಿಯ ಕಾಲೇಜುಗಳ ಕನ್ನಡ ವಿಭಾಗಗಳು ಅವನ್ನು ಇನ್ನೂ ಹೆಚ್ಚು ಬಳಸಬೇಕು. ಮಂಗಳೂರು ಮೊಗ್ಲಿಂಗರ ಪಕ್ಕದಲ್ಲಿ ಗುಂಡರ್ಟರಿಗೂ ಜಾಗ ಕೊಡಬೇಕು.

ನಾನು ಇದನ್ನು ಬರೆಯುತ್ತಿರುವುದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕೂತು. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋದ ಊರಿದು. ಭಾರತೀಯ ಭಾಷಾ ಸಂಸ್ಥಾನ ಇರುವುದೂ ಇದೇ ಮೈಸೂರಿನಲ್ಲಿ, 1969ರಿಂದ. ಭಾಷೆಯ ಕೆಲಸವೆಲ್ಲ ಅಂಥ ದೊಡ್ಡ ಸಂಸ್ಥೆಗಳದು ಎಂದು ನಾವು ಕೈತೊಳೆದುಕೊಳ್ಳುವುದು ಸುಲಭ. ಗುಂಡರ್ಟರ ಬಾಳು ಬೇರೆ ಮಾತು ಹೇಳುತ್ತದೆ. ಅವರು ಶುರುಮಾಡಿದ್ದು ಸಂಸ್ಥೆಯಿಂದಲ್ಲ, ಎದುರಿಗೆ ಕೂತ ಮನುಷ್ಯನ ಬಾಯಿಂದ ಬಂದ ಒಂದೊಂದು ಗಾದೆಯಿಂದ. ಇಲ್ಲಿಯ ಸರಕಾರಿ ಶಾಲೆಯ ಮೇಷ್ಟ್ರೊಬ್ಬರು ಮಕ್ಕಳಿಗೆ ‘ನಾಳೆ ನಿಮ್ಮ ತಾತನ ಹತ್ತಿರ ಕೇಳಿ ಒಂದು ಗಾದೆ ಬರೆದುಕೊಂಡು ಬನ್ನಿ, ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ’ ಎಂದರೆ ಸಾಕು. ಒಂದು ತರಗತಿಗೆ ವಾರದಲ್ಲಿ ನೂರಾದರೂ ಬರುತ್ತವೆ. ಬೀದಿಯಲ್ಲಿ ಮಡಕೆಯ, ಹೊಲದ, ಅಡುಗೆಮನೆಯ ಎಷ್ಟು ಮಾತುಗಳು ಇನ್ನೂ ಹಿರಿಯರ ನಾಲಗೆಯ ಮೇಲಿವೆ ಎಂಬುದು ಆಗ ತಿಳಿಯುತ್ತದೆ. ಏಳು ಸಮುದ್ರ ದಾಟಿ ಬಂದ ಒಬ್ಬ ಮೇಷ್ಟ್ರು ಈ ಕೆಲಸಕ್ಕೆ ಬಾಳಿನ ಇಪ್ಪತ್ತಮೂರು ವರ್ಷ ಕೊಟ್ಟರು. ನಮ್ಮ ಮಕ್ಕಳಿಗೆ ಅದು ಒಂದು ಸಂಜೆಯ ಮನೆಗೆಲಸ. ಈ ವರ್ಷದ ಪಾಠಪಟ್ಟಿಯಲ್ಲೇ ಅದಕ್ಕೆ ಜಾಗ ಮಾಡಿಕೊಡೋಣ.